ಟವೆಲ್ ಬಿಚ್ಚದೆ ತೆಗೆದ ಭುಜದ ಫೋಟೋ

ಬೀಳದ ಮನುಷ್ಯನ ಭುಜ ಮುರಿಯುವುದು ಎಂದೂ ಆಗದ ಮಾತು ಎಂದವರು ನಮ್ಮ ಎಲುಬು ವಿಭಾಗದ ಮುಖ್ಯಸ್ಥರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ದೊಡ್ಡ ಸಾಹೇಬ್ರು ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಆ ಮಾತು ಹೇಳಿದ್ದು ಸೊಲ್ಲಾಪುರದಲ್ಲಿ, ನನ್ನ ಎಕ್ಸ್‌ರೇ ಕೋಣೆಯ ಲೈಟ್ ಪೆಟ್ಟಿಗೆಯ ಮುಂದೆ ನಿಂತು. ಪೆಟ್ಟಿಗೆಯ ಮೇಲೆ ಯಲ್ಲಪ್ಪನ ಬಲ ಭುಜದ ಫಿಲ್ಮ್ ಇತ್ತು.

ಯಲ್ಲಪ್ಪ ಟವೆಲ್ ನೇಯುವ ಪವರ್‌ಲೂಮಿನ ಕೆಲಸಗಾರ. ಊರು ದುಧನಿ, ಮೂವತ್ತು ದಾಟಿದ ಗಟ್ಟಿ ಆಳು. ಮಳೆಗಾಲದ ಒಂದು ಬೆಳಿಗ್ಗೆ ಒದ್ದೆ ಕೈಯಲ್ಲಿ ಮಗ್ಗದ ಸ್ವಿಚ್ ಮುಟ್ಟಿದ. ಕರೆಂಟು ಅವನನ್ನು ನಿಂತಲ್ಲೇ ಹಿಡಿದುಕೊಂಡಿತು. ಪಕ್ಕದ ಮಗ್ಗದವನು ಓಡಿ ಹೋಗಿ ಮೇನ್ ಇಳಿಸುವ ತನಕ ಬಿಡಲಿಲ್ಲ. ಬಿಟ್ಟ ಮೇಲೂ ಅವನು ಬೀಳಲಿಲ್ಲ, ಮಗ್ಗಕ್ಕೆ ಒರಗಿ ನಿಂತ. ಜೊತೆಯವರು ಕೈಗೆ ಸಿಕ್ಕ ಹೊಸ ಟವೆಲ್ ಒಂದರಿಂದ ಅವನ ಬಲಗೈಯನ್ನು ಹೊಟ್ಟೆಗೆ ಒತ್ತಿ ಕಟ್ಟಿ ಆಟೋ ಹತ್ತಿಸಿದರು.

ಅವನ ಹಿಂದೆಯೇ ಬಂದವಳು ಅಕ್ಕ ಗೌರವ್ವ. ಸೊಲ್ಲಾಪುರದಲ್ಲೇ ಬೀಡಿ ಕಟ್ಟುವ ಹೆಂಗಸು. ತಮ್ಮನನ್ನು ಊರಿನಿಂದ ಕರೆತಂದು ಮಗ್ಗಕ್ಕೆ ಹಚ್ಚಿದವಳು ಅವಳೇ. ಎಮರ್ಜನ್ಸಿಯವರು ಅವನ ಹೃದಯ ಪರೀಕ್ಷಿಸಿ, ಅಂಗೈಯ ಸುಟ್ಟ ಗಾಯಕ್ಕೆ ಪಟ್ಟಿ ಹಾಕಿ ನಮ್ಮ ಕಡೆ ಕಳಿಸಿದ್ದರು.

"ಎದಿ ಚೊಲೊ ಐತಿ, ಎದಿ ಚೊಲೊ ಐತಿ ಅಂತ ಎಲ್ಲಾರೂ ಹೇಳಾಕತ್ತಾರ," ಎಂದಳು ಗೌರವ್ವ ಬಾಗಿಲಲ್ಲಿ ನಿಂತು. "ಅವ ಒದರಾಕತ್ತಿದ್ದು ಕೈ ಹಿಡಕೊಂಡು. ಎದಿ ನಾ ಕೇಳೀನೇನ್ರಿ?"

ಫಿಲ್ಮಿನಲ್ಲಿ ಮುರಿತ ಕಾಣಲಿಲ್ಲ. ಆದರೂ ಪುಸ್ತಕದಲ್ಲಿದ್ದ ನಿಯಮದಂತೆ ನಾನು ಕೇಳಿದೆ: "ಸರ್, ಬಗಲಿನ ಕಡೆಯಿಂದ ಇನ್ನೊಂದು ತೆಗೀತೀನಿ."

"ಬಿದ್ದಾನೇನು ಅವ?"

"ಇಲ್ರಿ. ಶಾಕ್ ಹೊಡದೈತಿ."

"ಮತ್ತ? ಬೀಳಲಾರದ ಭುಜ ಮುರಿಯೂದು ಶಕ್ಯನ ಇಲ್ಲ ಮ್ಯಾಡಮ್. ಸ್ನಾಯು ಜಗ್ಗ್ಯಾವ, ಅಷ್ಟ. ಏನ್ರೋ?"

ಹಿಂದೆ ನಿಂತಿದ್ದ ಇಬ್ಬರು ಕಿರಿಯ ಸರ್ಜನ್‌ಗಳು "ಹೌದ್ರಿ ಸರ್" ಎಂದರು. ಬಗಲಿನ ಫೋಟೋಕ್ಕೆ ಕೈ ಎತ್ತಬೇಕಾಗುತ್ತದೆ ಎಂದು ಕೇಳಿಸಿಕೊಂಡಿದ್ದ ಗೌರವ್ವ ಕೂಡ ಅಡ್ಡ ಬಂದಳು: "ಕೈ ಎತ್ತಸಬ್ಯಾಡ್ರಿ ಡಾಕ್ಟರ್ ಬಾಯಿ, ಎತ್ತಿದ್ರ ಇಲ್ಲೇ ಜೀವಾ ಬಿಡ್ತಾನ."

ಹೀಗೆ ಸಾಹೇಬರು, ಕಿರಿಯರು, ರೋಗಿಯ ಮನೆಯವರು ಎಲ್ಲರೂ ಒಂದಾದರು. ಯಲ್ಲಪ್ಪ ನೋವಿನ ಗುಳಿಗೆ ತೆಗೆದುಕೊಂಡು, ಟವೆಲ್ ಕಟ್ಟಿದ ಕೈಯಲ್ಲೇ ಮನೆಗೆ ಹೋದ.

ಈಗ ಎಕ್ಸ್‌ರೇ ಮತ್ತು ಸಿ.ಟಿ. ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಸಕ್ಕೆ ಸೇರಿದ ದಿನ ನಿಮಗೆ ಯಂತ್ರದ ಗುಂಡಿಗಳನ್ನು ತೋರಿಸುತ್ತಾರೆ. ಆ ಕೋಣೆಯಲ್ಲಿ ಮನುಷ್ಯರು ಹೇಗೆ ತಪ್ಪುತ್ತಾರೆ ಎಂಬುದನ್ನು ಯಾರೂ ತೋರಿಸುವುದಿಲ್ಲ.

ನಾನು ಮೈಂದರ್ಗಿಯವಳು. ನಮ್ಮದು ದಲಿತ ಬೌದ್ಧರ ಮನೆ. ಅಪ್ಪ ಸೊಲ್ಲಾಪುರದ ಗಿರಣಿಯಲ್ಲಿ ಬದಲಿ ಕೆಲಸಗಾರ. ಗಿರಣಿ ಮುಚ್ಚಿದ ಮೇಲೆ ಹಮಾಲಿ ಮಾಡಿದ. ಅವ್ವ ಹೆಬ್ಬೆಟ್ಟು ಒತ್ತುತ್ತಿದ್ದಳು. ನಾನು ಏಳನೆಯ ತರಗತಿಯವರೆಗೆ ಕನ್ನಡ ಸಾಲಿ, ಆಮೇಲೆ ಅಕ್ಕಲಕೋಟದಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಮೂರು ಭಾಷೆಯಲ್ಲಿ ಮೂರು ಸಲ ಮೊದಲಿನಿಂದ ಕಲಿತೆ. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು. ರೇಡಿಯಾಲಜಿಯ ಎಂ.ಡಿ. ಮುಗಿಸಿ ಬಂದಾಗ ಮೀಸಲಾತಿಯ ಡಾಕ್ಟರ್ ಎಂದು ಬೆನ್ನ ಹಿಂದೆ ಅಂದರು, ಒಬ್ಬರು ಎದುರಿಗೂ ಅಂದರು. ನಾನು ಬರೆದ ಪ್ರತಿಯೊಂದು ರಿಪೋರ್ಟಿನ ಕೆಳಗೂ ಪೂರ್ತಿ ಹೆಸರು ಬರೆದೇ ಸಹಿ ಮಾಡಿದ್ದೇನೆ. ಆ ಹೆಮ್ಮೆಯನ್ನು ಬಚ್ಚಿಡುವ ಅಗತ್ಯ ನನಗೆ ಕಂಡಿಲ್ಲ.

ಭುಜದ ವಿಷಯಕ್ಕೆ ಬರುತ್ತೇನೆ. ತೋಳಿನ ಎಲುಬಿನ ಮೇಲ್ತುದಿ ಒಂದು ಗೋಲಿಯಂತೆ ಗುಂಡಗಿರುತ್ತದೆ. ಅದನ್ನು ತಲೆ ಎನ್ನುತ್ತೇವೆ. ಅದು ಕೂರುವ ಬಟ್ಟಲು ಬಹಳ ಆಳವಿಲ್ಲ. ತಲೆಯ ಪಕ್ಕದಲ್ಲಿ ಗುಬಟು ಎನ್ನುವ ಎರಡು ಉಬ್ಬು, ಕೆಳಗೆ ಕಾಂಡ. ಪೆಟ್ಟು ಬಿದ್ದರೆ ಈ ನಾಲ್ಕೂ ಒಂದರಿಂದೊಂದು ಬೇರೆಯಾಗಬಹುದು. ಎಷ್ಟು ತುಂಡಾಗಿದೆ, ಎಷ್ಟು ಸರಿದಿದೆ, ತಲೆ ಬಟ್ಟಲಿನಲ್ಲೇ ಇದೆಯೋ ಜಾರಿದೆಯೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕೆಲವರಿಗೆ ಕೈಯನ್ನು ಕೊರಳಿಗೆ ತೂಗುಹಾಕುವ ಜೋಳಿಗೆ ಸಾಕು, ಕೆಲವರಿಗೆ ಪ್ಲೇಟು ಸ್ಕ್ರೂ, ಕೆಲವರಿಗೆ ತಲೆಯನ್ನೇ ತೆಗೆದು ಲೋಹದ್ದು ಕೂರಿಸಬೇಕು. ಎಣಿಕೆ ತಪ್ಪಿದರೆ ಇಲಾಜೇ ತಪ್ಪುತ್ತದೆ. ಆದರೆ ಎದುರಿನಿಂದ ತೆಗೆದ ಒಂದೇ ಫೋಟೋದಲ್ಲಿ ಒಂದು ತುಂಡಿನ ಹಿಂದೆ ಇನ್ನೊಂದು ಅಡಗಿ ಕೂತಿರುತ್ತದೆ.

ಅದರ ಮೇಲೆ ನಮ್ಮ ಊರಿನದೇ ಒಂದು ತೊಡಕು. ಸೊಲ್ಲಾಪುರದಲ್ಲಿ ಟವೆಲ್ ಇಲ್ಲದ ಮನೆಯಿಲ್ಲ, ಟವೆಲ್ ಇಲ್ಲದ ಹೆಗಲಿಲ್ಲ. ತೋಳಿಗೆ ಪೆಟ್ಟಾದರೆ ಮೊದಲ ಇಲಾಜು ಅದೇ. ಕೈಯನ್ನು ಹೊಟ್ಟೆಗೆ ಒತ್ತಿ, ಟವೆಲ್ ಸುತ್ತಿ, ಬೆನ್ನ ಹಿಂದೆ ಗಂಟು ಹಾಕುವುದು. ಗಂಟು ಎಂದರೆ ನೇಕಾರರ ಗಂಟು. ನಮ್ಮ ಟೆಕ್ನೀಶಿಯನ್ ರಜಾಕ್ ಭಾಯಿ ಅದನ್ನು ಮುಟ್ಟುತ್ತಿರಲಿಲ್ಲ.

"ಗಾಂಠ ಬಿಚ್ಚಿದ್ರ ಪೇಶಂಟ್ ನನ್ನ ಕುತ್ತಿಗಿ ಹಿಡೀತಾನ ಮ್ಯಾಡಮ್," ಎನ್ನುತ್ತಿದ್ದ. "ಎಕ್ಸ್‌ರೇ ಅಂದ್ರ ಬಟ್ಟಿ ದಾಟಿ ಎಲುಬ ಕಾಣಸೂದು. ಬಿಚ್ಚೂದು ಯಾಕ?"

ಮಾತು ಸರಿ ಎಂದೇ ಎಲ್ಲರಿಗೂ ಅನಿಸಿತ್ತು. ಬಟ್ಟೆ ಫಿಲ್ಮಿನಲ್ಲಿ ಕಾಣುವುದಿಲ್ಲ, ನಿಜ. ಆದರೆ ಕೈ ಹೊಟ್ಟೆಗೆ ಕಟ್ಟಿದ್ದಾಗ ತೋಳು ಒಳಮುಖವಾಗಿ ತಿರುಗಿರುತ್ತದೆ. ಹಾಗೆ ತಿರುಗಿದ ಎಲುಬಿನ ತಲೆ ಎದುರಿನಿಂದ ವಿದ್ಯುತ್ ಬಲ್ಬಿನಂತೆ ಗುಂಡಗೆ ಕಾಣುತ್ತದೆ. ಭುಜ ಹಿಂದಕ್ಕೆ ಜಾರಿದಾಗಲೂ ತಲೆ ಕಾಣುವುದು ಹೀಗೇ, ಬಲ್ಬಿನಂತೆ. ಅದನ್ನು ಅಪಾಯದ ಗುರುತು ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ. ಯಲ್ಲಪ್ಪನದೂ ಸೇರಿದಂತೆ ನಮ್ಮಲ್ಲಿ ಬಂದ ಪ್ರತಿಯೊಂದು ಭುಜವೂ ಟವೆಲ್ ದೆಸೆಯಿಂದ ಬಲ್ಬೇ ಆಗಿರುತ್ತಿತ್ತು. ವರ್ಷಗಟ್ಟಲೆ ಬಲ್ಬುಗಳನ್ನೇ ನೋಡಿ ನೋಡಿ ಇಡೀ ವಿಭಾಗದ ಕಣ್ಣಿಗೆ ಬಲ್ಬೇ ಸರಿಯಾದ ಭುಜವಾಗಿಬಿಟ್ಟಿತ್ತು. ಅಪಾಯದ ಗುರುತು ದಿನವೂ ಎದುರಿಗಿದ್ದರೆ ಅದು ಗುರುತಾಗಿ ಉಳಿಯುವುದಿಲ್ಲ.

ಹೆಂಗಸರ ಭುಜ ಇನ್ನೂ ಕಷ್ಟ. ಬಗಲಿನ ಫೋಟೋಕ್ಕೆ ತೋಳು ಎತ್ತಬೇಕು, ಸೆರಗು ಸರಿಸಬೇಕು. ಗಂಡಸು ಟೆಕ್ನೀಶಿಯನ್ ಎದುರಿಗೆ ಯಾರೂ ಒಪ್ಪುತ್ತಿರಲಿಲ್ಲ. ಅತ್ತೆ ಬಾಗಿಲಲ್ಲಿ ಕೂತಿರುತ್ತಿದ್ದಳು. "ಇರಲಿ ಬಿಡ್ರಿ, ಒಂದ ಸಾಕು" ಎಂದು ಅತ್ತೆಯೇ ತೀರ್ಮಾನ ಕೊಡುತ್ತಿದ್ದಳು.

ಯಲ್ಲಪ್ಪ ಬರುವ ಮೊದಲು ನಡೆದದ್ದೊಂದು ಹೇಳುತ್ತೇನೆ. ಪೇಟೆಯ ಒಬ್ಬ ಜವಳಿ ವ್ಯಾಪಾರಿಯ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಭುಜ ಪುಡಿ ಮಾಡಿಕೊಂಡಿದ್ದರು. ದೊಡ್ಡ ಸಾಹೇಬ್ರು ಎರಡು ತುಂಡು ಎಂದರು. ಹೊರಗಿನ ಇನ್ನೊಬ್ಬ ಸರ್ಜನ್ ನಾಲ್ಕು ಎಂದರು. ಮಗ ಫಿಲ್ಮುಗಳನ್ನು ಪುಣೆಗೆ ಒಯ್ದು ಮೂರು ಎಂದು ಕೇಳಿಸಿಕೊಂಡು ಬಂದ. ನನ್ನ ಮೇಜಿನ ಮೇಲೆ ಲಕೋಟೆ ಇಟ್ಟು ಕುಳಿತ.

"ಮ್ಯಾಡಮ್, ನಮ್ಮ ಅಂಗಡ್ಯಾಗ ಒಂದ ಟವೆಲಿಗೆ ಮೂರ ರೇಟ ಹೇಳಿದ್ರ ಗಿರಾಕಿ ಏನಂತಾನ ಗೊತ್ತೇನ್ರಿ? ಕಳ್ಳ ಅಂತಾನ. ನಿಮಗ ಏನನಬೇಕು ನಾ?"

ಮುದುಕಿಯ ಕೈ ಕೊನೆಗೆ ಯಾವ ಆಪರೇಷನ್ನೂ ಇಲ್ಲದೆ ಹಾಗೇ ಕೂಡಿಕೊಂಡಿತು, ವಕ್ರವಾಗಿ. ಆಕೆ ತಲೆ ಬಾಚಿಕೊಳ್ಳಲು ಸೊಸೆಯನ್ನು ಕರೆಯುವಂತಾಯಿತು. ಮೂವರಲ್ಲಿ ಯಾರು ಸರಿ ಎಂದು ಇವತ್ತಿಗೂ ಗೊತ್ತಿಲ್ಲ.

ಯಲ್ಲಪ್ಪ ಮತ್ತೆ ಬಂದಾಗ ಮಳೆಗಾಲ ಮುಗಿದಿತ್ತು. ಈ ನಡುವೆ ಅವನಿಗೆ ಹೊರರೋಗಿ ವಿಭಾಗದಲ್ಲಿ ಭುಜ ಹಿಡಿದುಕೊಂಡಿದೆ ಎಂದು ಹೇಳಿ ವ್ಯಾಯಾಮಕ್ಕೆ ಕಳಿಸಿದ್ದರು. ಅಲ್ಲಿ ಜಗ್ಗಿದರು. ಊರಲ್ಲಿ ಎಣ್ಣೆ ಹಚ್ಚಿ ತಿಕ್ಕುವವನೊಬ್ಬ ಇನ್ನೂ ಜೋರಾಗಿ ಜಗ್ಗಿದ. ಸಡಿಲವಾಗಲಿಲ್ಲ.

ನಾನೇ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, "ಅಂಗೈ ಮ್ಯಾಲ ಮಾಡಿ ಕೈ ಹೊರಗ ತಿರುಗಿಸು," ಎಂದೆ. ಎಡಗೈ ತಿರುಗಿತು. ಬಲಗೈ ಹೊಟ್ಟೆಯ ಮೇಲೆ ಅಂಟಿಸಿದಂತೆ ಇತ್ತು.

"ಕೈ ಐತ್ರಿ," ಎಂದ ಯಲ್ಲಪ್ಪ. "ಖರೆ ಹೊಟ್ಟಿ ಬಿಟ್ಟು ಹೋಗವಲ್ದು."

ಗೌರವ್ವ ಅವನ ತಲೆಗೆ ಮೆಲ್ಲಗೆ ಬಡಿದಳು. "ಮೊದಲಿಂದನೂ ಹೊಟ್ಟಿ ಮ್ಯಾಲನ ಲಕ್ಷ್ಯ ಇವಂದು." ಅವನು ನಕ್ಕ. ನನಗೆ ನಗಲಾಗಲಿಲ್ಲ. ಅವತ್ತೇ ಸಿ.ಟಿ. ಮಾಡಿಸಿದೆ.

ಸಿ.ಟಿ. ಎಂದರೆ ಬದನೆಕಾಯಿ ಹೋಳು ಮಾಡಿದಂತೆ ಭುಜವನ್ನು ತೆಳ್ಳಗೆ ಹೋಳು ಹೋಳಾಗಿ ತೋರಿಸುವುದು. ಒಂದರ ಹಿಂದೆ ಒಂದು ಅಡಗಲು ಜಾಗವಿಲ್ಲ. ಮೊದಲ ಕೆಲವು ಹೋಳುಗಳಲ್ಲೇ ಕಂಡಿತು. ತಲೆ ಬಟ್ಟಲಿನಲ್ಲಿ ಇರಲಿಲ್ಲ. ಹಿಂದಕ್ಕೆ ಜಾರಿ ಬಟ್ಟಲಿನ ಅಂಚಿಗೆ ಸಿಕ್ಕಿಹಾಕಿಕೊಂಡಿತ್ತು. ಅಂಚು ತಲೆಯೊಳಗೆ ಕೊರೆದು ಹಳ್ಳ ಮಾಡಿತ್ತು. ಆ ಹಳ್ಳದ ತಳದಿಂದ ಒಂದು ಬಿರುಕು ತಲೆಯನ್ನು ದಾಟಿ ಹೋಗಿತ್ತು. ಮುಂದಿನ ಗುಬಟು ಮುರಿದು ಸರಿದಿತ್ತು. ಜಗ್ಗಿದಾಗಲೆಲ್ಲ ಆ ಹಳ್ಳ ಇನ್ನಷ್ಟು ಆಳವಾಗಿರಬೇಕು.

ಬೀಳದೆಯೂ ಹೇಗೆ ಮುರಿಯಿತು ಎಂದರೆ ಹೀಗೆ. ಕರೆಂಟು ಹರಿದಾಗ ಭುಜದ ಸುತ್ತಲಿನ ಸ್ನಾಯುಗಳು ಒಮ್ಮೆಗೇ ಬಿಗಿಯುತ್ತವೆ. ತೋಳನ್ನು ಒಳಗೆ ತಿರುಗಿಸುವ ಸ್ನಾಯುಗಳಿಗೆ ಬಲ ಹೆಚ್ಚು. ಅವು ತಲೆಯನ್ನು ಹಿಂದಕ್ಕೆ ದಬ್ಬಿ ಬಟ್ಟಲಿಗೆ ಅಪ್ಪಳಿಸುತ್ತವೆ. ಮೂರ್ಛೆ ರೋಗದ ಸೆಳೆತದಲ್ಲೂ ಇದೇ ಆಗುತ್ತದೆ. ಆಳು ಎಷ್ಟು ಗಟ್ಟಿಯೋ ಮುರಿತವೂ ಅಷ್ಟು ಗಟ್ಟಿ. ಯಲ್ಲಪ್ಪನ ಭುಜವನ್ನು ಮುರಿದದ್ದು ಅವನದೇ ಬಲ.

ದೊಡ್ಡ ಸಾಹೇಬ್ರು ಸಿ.ಟಿ. ನೋಡಿದರು. ತಲೆ ಜಾರಿದೆ ಎಂದು ಕೂಡಲೇ ಒಪ್ಪಿದರು. ಆದರೆ ಬಿರುಕಿನ ಮಾತಿಗೆ ಕೈ ಅಲ್ಲಾಡಿಸಿದರು. ಆ ಹೊತ್ತಿಗೆ ಕಂಪ್ಯೂಟರು ಎಲ್ಲ ಹೋಳುಗಳನ್ನೂ ಜೋಡಿಸಿ ಇಡೀ ಎಲುಬನ್ನು ಗೊಂಬೆಯಂತೆ ತಿರುಗಿಸಿ ತೋರಿಸುವ ಚಿತ್ರ ಹೊಸದಾಗಿ ಬಂದಿತ್ತು. ಎಲ್ಲರಿಗೂ ಅದರ ಹುಚ್ಚು. ಆ ಚಿತ್ರದಲ್ಲಿ ಬಿರುಕು ಇರಲಿಲ್ಲ.

"ನೋಡ್ರಿ, ತಲಿ ಅಖಂಡ ಐತಿ. ಎರಡ ತುಂಡು. ಎಳದು ಕೂಡಸೂದು, ಸ್ಕ್ರೂ ಹೊಡಿಯೂದು. ಏನ್ರೋ?"

"ಹೌದ್ರಿ ಸರ್," ಎಂದರು ಕಿರಿಯರಿಬ್ಬರೂ.

"ಸರ್, ಆ ಚಿತ್ರ ಸಣ್ಣ ಬಿರುಕನ್ನ ಸಾರಿಸಿಬಿಡ್ತದ," ಎಂದೆ. "ಹೋಳಿನಾಗ ನೋಡ್ರಿ."

"ಮ್ಯಾಡಮ್, ಎಲುಬ ತಗದು ಕೈಯಾಗ ಹಿಡಿಯೂದು ನಾವು. ನೀವು ನೆರಳ ನೋಡವರು."

ನನ್ನ ರಿಪೋರ್ಟಿನಲ್ಲಿ ಬಿರುಕು ಇದೆ ಎಂದು ಬರೆದೆ. ಅದು ಫೈಲಿಗೆ ಹೋಯಿತು. ಆಪರೇಷನ್ನು ಅವರ ಯೋಜನೆಯಂತೆ ಆಯಿತು. ಸಿಕ್ಕಿಕೊಂಡ ತಲೆಯನ್ನು ಎಬ್ಬಿಸುವಾಗ ಅದು ಬಿರುಕಿನಲ್ಲಿ ಎರಡಾಗಿ ಬಂತು. ಕೂಡಿಸಿದರು, ಸ್ಕ್ರೂ ಹಾಕಿದರು. ಕೆಲವು ತಿಂಗಳಲ್ಲಿ ತಲೆಗೆ ರಕ್ತ ಹೋಗುವುದು ನಿಂತು ಎಲುಬು ಸತ್ತು ಕುಸಿಯಿತು. ಯಲ್ಲಪ್ಪನ ಕೈ ಮತ್ತೆ ಹೊಟ್ಟೆಯ ಮೇಲೆ ಬಂದು ಕೂತಿತು. ಬಿರುಕು ಗೊತ್ತಿದ್ದು ಮೊದಲೇ ಬೇರೆ ದಾರಿ ಹಿಡಿದಿದ್ದರೆ ಕೈ ಉಳಿಯುತ್ತಿತ್ತೇ? ಖಾತ್ರಿಯಾಗಿ ಹೇಳಲಾರೆ. ಮೊದಲ ದಿನವೇ ಕಂಡಿದ್ದರೆ ಉಳಿಯುವ ಆಸೆ ಬಹಳ ಇತ್ತು. ಇದನ್ನು ಮಾತ್ರ ಖಾತ್ರಿಯಾಗಿ ಹೇಳಬಲ್ಲೆ.

ಕುಸಿದ ಎಲುಬಿನ ಫಿಲ್ಮ್ ಬಂದ ದಿನ ದೊಡ್ಡ ಸಾಹೇಬ್ರು ನನ್ನ ಕೋಣೆಗೆ ಬಂದು ಕುಳಿತರು. ಚಹಾ ಪಕ್ಕಕ್ಕೆ ಸರಿಸಿ ಹಳೆಯ ಸಿ.ಟಿ.ಯ ಹೋಳುಗಳನ್ನು ಒಂದೊಂದಾಗಿ ನೋಡಿದರು.

"ಆ ಬಿರುಕ ನಂಗ ಯಾಕ ಕಾಣಲಿಲ್ಲ ಮ್ಯಾಡಮ್?" ಎಂದರು ಕೊನೆಗೆ.

"ಹೋಳು ನೋಡೂಕಿಂತ ಮೊದಲ ನೀವು ಎರಡ ತುಂಡು ಅಂದ್ರಿ ಸರ್. ಅಂದ ಮ್ಯಾಲ ಯಾರಿಗೂ ಮೂರು ಕಾಣೂದಿಲ್ಲ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಮತ್ತ ಏನ ಮಾಡೂಣು?" ಎಂದರು.

ನಾನು ಹಳೆಯ ಭುಜಗಳ ಫಿಲ್ಮು, ಸಿ.ಟಿ.ಗಳನ್ನು ಆರಿಸಿ ಹೆಸರುಗಳ ಮೇಲೆ ಕಪ್ಪು ಪಟ್ಟಿ ಅಂಟಿಸಿದೆ. ಸಾಹೇಬ್ರು, ಇಬ್ಬರು ಕಿರಿಯರು, ನಾನು ಹೀಗೆ ನಾಲ್ಕು ಜನ, ಬೇರೆ ಬೇರೆ ಹೊತ್ತಿನಲ್ಲಿ, ಒಬ್ಬರೇ ಕುಳಿತು ಓದಿ ಬರೆಯಬೇಕು. ತಿಂಗಳು ಬಿಟ್ಟು ಅವೇ ಫಿಲ್ಮುಗಳನ್ನು ಹಿಂದೆ ಮುಂದೆ ಮಾಡಿ ಮತ್ತೆ ಓದಬೇಕು. ಎರಡನೆಯ ಓದು ಮುಗಿದ ಮೇಲೆ ಎಲ್ಲರೂ ಕೂತು ಬರೆದದ್ದನ್ನು ಹೊರತೆಗೆದೆವು.

ಒಂದು ಚೀಟಿ ನೋಡಿ ಸಾಹೇಬ್ರು ಸಿಟ್ಟಾದರು. "ಇದನ್ನ ಯಾವ ಕತ್ತೆ ಓದ್ಯದ? ತಲಿ ಒಡದದ್ದು ಕಣ್ಣಿಗೆ ರಾಚಾಕತ್ತೈತಿ, ಎರಡ ತುಂಡು ಅಂತ ಬರದೈತಿ!"

ಕಿರಿಯರಿಬ್ಬರೂ ನೆಲ ನೋಡಿದರು. ನಾನು, "ಹೋದ ತಿಂಗಳು ನೀವ ಬರದದ್ರಿ ಸರ್," ಎಂದೆ.

ಅವರು ಚೀಟಿಯನ್ನು ತಿರುಗಿಸಿ ತಮ್ಮ ಅಕ್ಷರ ನೋಡಿದರು. "ಹಂಗಾರ ಹೋದ ತಿಂಗಳ ಕತ್ತೆ ನಾನ ಇದ್ದೆ," ಎಂದರು. "ಈ ತಿಂಗಳದ್ದು ಇನ್ನೂ ತಿಳೀಬೇಕು."

ಎಲ್ಲರೂ ನಕ್ಕೆವು. ಆದರೆ ಅದು ನಗುವ ವಿಷಯವಾಗಿರಲಿಲ್ಲ. ಒಬ್ಬರ ಎಣಿಕೆ ಇನ್ನೊಬ್ಬರಿಗೆ ಕೂಡಲಿಲ್ಲ. ನನ್ನ ಎಣಿಕೆ ನನಗೇ ಎಲ್ಲ ಕಡೆ ಕೂಡಲಿಲ್ಲ. ಸಿ.ಟಿ. ಇದ್ದಲ್ಲಿ ಜಗಳ ಕಡಿಮೆ ಇತ್ತು, ಪೂರ್ತಿ ಮಾಯವಾಗಿರಲಿಲ್ಲ. ಇಷ್ಟು ವರ್ಷ ಲೈಟ್ ಪೆಟ್ಟಿಗೆಯ ಮುಂದೆ ನಮ್ಮೆಲ್ಲರದು ಒಂದೇ ಮಾತು ಎಂದುಕೊಂಡಿದ್ದೆವು. ಅದು ಒಬ್ಬರ ಮಾತು, ಉಳಿದವರ "ಹೌದ್ರಿ".

ಒಂದು ಬೆಳಕೂ ಸಿಕ್ಕಿತು. ಎಷ್ಟು ತುಂಡು, ಯಾವ ಜಾತಿಯ ಮುರಿತ ಎಂದು ಕೇಳಿದಾಗ ನಾಲ್ಕು ಉತ್ತರ ಬರುತ್ತಿದ್ದವು. ತಲೆ ಬಟ್ಟಲಿನಲ್ಲಿದೆಯೇ, ತಲೆ ಸೀಳಿದೆಯೇ, ಗುಬಟು ಸರಿದಿದೆಯೇ ಎಂದು ಹೌದು ಇಲ್ಲವೇ ಅಲ್ಲ ಎನ್ನಬೇಕಾದ ಪ್ರಶ್ನೆ ಕೇಳಿದಾಗ ನಾಲ್ವರೂ ಹೆಚ್ಚು ಕಡಿಮೆ ಒಂದೇ ಬರೆದಿದ್ದರು. ಹೊಸಬರೇ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುರಿತಕ್ಕೆ ಹೆಸರಿಡುವ ಅವಸರ ಬೇಡ. ಸಣ್ಣ ಪ್ರಶ್ನೆ ಕೇಳಿ, ಒಂದೊಂದಾಗಿ ಕೇಳಿ. ಗೊಂಬೆಯ ಚಿತ್ರವನ್ನು ಕೊನೆಗೆ ನೋಡಿ, ಹೋಳುಗಳನ್ನು ಮೊದಲು ನೋಡಿ. ಇಬ್ಬರು ಬೇರೆ ಬೇರೆ ಬರೆದ ಮೇಲೆಯೇ ಬಾಯಿ ತೆರೆಯಿರಿ, ಅದರಲ್ಲೂ ಹಿರಿಯರು.

ಆಮೇಲೆ ನಮ್ಮಲ್ಲಿ ಪದ್ಧತಿ ಬದಲಾಯಿತು. ಟವೆಲ್ ಬಿಚ್ಚದೆ ಎದುರಿನ ಫೋಟೋ ಇಲ್ಲ. ಬಿಚ್ಚಿ ಕೈ ಹೊರಗೆ ತಿರುಗಿಸು ಎನ್ನಬೇಕು. ತಿರುಗದಿದ್ದರೆ ಅಲ್ಲೇ ನಿಲ್ಲಿಸಿ ನನ್ನನ್ನು ಕರೆಯಬೇಕು, ಯಾಕೆಂದರೆ ತಿರುಗದಿರುವುದೇ ಮೊದಲ ಸುಳಿವು. ಬಗಲಿನ ಫೋಟೋಕ್ಕೆ ತೋಳು ಎತ್ತಲಾಗದವರನ್ನು ಜೋಳಿಗೆಯಲ್ಲೇ ಮೇಜಿನ ಅಂಚಿಗೆ ಹಿಂದಕ್ಕೆ ಬಾಗಿಸಿ ಮೇಲಿನಿಂದ ತೆಗೆಯಬೇಕು. ಅದಕ್ಕೆ ಸೆರಗೂ ಸರಿಸಬೇಕಿಲ್ಲ. ಶಾಕ್ ಹೊಡೆದವರು, ಮೂರ್ಛೆ ಬಂದವರು ಭುಜ ನೋವು ಎಂದರೆ, ಸಂಶಯ ತೀರದಿದ್ದರೆ, ನೇರ ಸಿ.ಟಿ. ರಜಾಕ್ ಭಾಯಿ ಗಂಟು ಬಿಚ್ಚಲು ಒಂದು ಹೆಣಿಗೆ ಸೂಜಿ ತಂದಿಟ್ಟುಕೊಂಡ. "ನನ್ನ ಕುತ್ತಿಗಿಗೆ ಇನ್ಶುರನ್ಸ್ ಮಾಡಸ್ರಿ," ಎಂದು ನನ್ನನ್ನು ಕಾಡಿಸುತ್ತಿದ್ದ.

ಹೀಗೆ ಮಾಡಿದ್ದರಿಂದ ಮೈಂದರ್ಗಿಯ ಒಬ್ಬ ಮೂರ್ಛೆ ರೋಗದ ಹೆಂಗಸಿನ ಭುಜ ಜಾರಿದ್ದು ಬಂದ ದಿನವೇ ಸಿಕ್ಕಿತು, ಮತ್ತೆ ಬಟ್ಟಲಲ್ಲಿ ಕೂತಿತು, ಉಳಿಯಿತು. ಅವಳು ಬಂದು ಸಕ್ಕರೆ ಹಂಚಿದ ದಿನ ನನಗೆ ನೆನಪಾದದ್ದು ಯಲ್ಲಪ್ಪ. ಅವನಿಗೆ ಸಿಗದದ್ದು ಅವನಿಂದಲೇ ಕಲಿತು ಬೇರೆಯವರಿಗೆ ಕೊಟ್ಟೆವು. ಅವನಿಗೆ ಇದರಿಂದ ಏನೂ ಬರಲಿಲ್ಲ.

ಅವನಿಗೆ ಬರಬೇಕಾದದ್ದು ಇನ್ನು ಒಂದೇ ಉಳಿದಿತ್ತು, ಅಂಗವಿಕಲರ ಪ್ರಮಾಣಪತ್ರ. ಅದಿಲ್ಲದೆ ಪಿಂಚಣಿಯಿಲ್ಲ, ಮಗ್ಗದ ಮಾಲೀಕನ ಎದುರು ನಿಂತು ಪರಿಹಾರ ಕೇಳಲು ಆಧಾರವಿಲ್ಲ. ಮಾಲೀಕನ ಕಡೆಯವರು, ಇದು ಬರೀ ಹಿಡಿದ ಭುಜ, ಇವತ್ತಲ್ಲ ನಾಳೆ ಸಡಿಲಾಗುತ್ತದೆ ಎನ್ನುತ್ತಿದ್ದರು. ಮೊದಲು ಹಾಗೆ ಹೇಳಿದ್ದು ನಮ್ಮ ಆಸ್ಪತ್ರೆಯೇ.

ಪ್ರಮಾಣಪತ್ರ ಕೊಡುವ ವೈದ್ಯರ ಮಂಡಳಿ ಕೂತದ್ದು ಆಪರೇಷನ್ನಾದ ಕೆಲವು ವರ್ಷಕ್ಕೆ, ನನ್ನ ನಿವೃತ್ತಿಗೆ ಸ್ವಲ್ಪ ಮೊದಲು. ದೊಡ್ಡ ಸಾಹೇಬ್ರು ಇದ್ದರು, ಅವರಿಗೂ ಕೊನೆಯ ವರ್ಷ. ಹೊರಗಿನಿಂದ ಬಂದ ಒಬ್ಬ ಡಾಕ್ಟರ್ ಇದ್ದರು. ಚಿತ್ರ ಓದಲು ನನ್ನನ್ನು ಕರೆದಿದ್ದರು.

ಹೊರಗಿನ ಡಾಕ್ಟರು ಎದುರಿನ ಫಿಲ್ಮ್ ಒಂದನ್ನೇ ಕಿಟಕಿಯ ಬೆಳಕಿಗೆ ಹಿಡಿದರು. "ಸ್ಕ್ರೂ ಜಾಗಾದಾಗ ಐತಿ. ವಯಸ್ಸ ಸಣ್ಣದು. ತಾತ್ಪುರ್ತಾ ಅಂತ ಕೊಡೂಣು, ವರ್ಷ ಬಿಟ್ಟ ಮತ್ತ ನೋಡೂಣು."

ತಾತ್ಕಾಲಿಕ ಎಂದು ಬರೆದರೆ ಯಲ್ಲಪ್ಪ ವರ್ಷ ವರ್ಷವೂ ಬಂದು ಈ ಮೇಜಿನ ಮುಂದೆ ಕೈ ಎತ್ತಲಾಗದೆ ನಿಂತು ತೋರಿಸಬೇಕಿತ್ತು. ಮಾಲೀಕ ಕಾದು ನೋಡೋಣ ಎನ್ನುತ್ತಿದ್ದ. ಗೌರವ್ವ ಬೆಂಚಿನಿಂದ ಎದ್ದಳು.

"ಏನ ನೋಡಾವ್ರು ಸಾಹೇಬ್ರ? ವರ್ಷ ಬಿಟ್ರ ಕೈ ಹೊಸದ ಮೊಳೀತೈತೇನ್ರಿ, ಹುಲ್ಲ ಆಗೇತೇನು?"

"ಅಕ್ಕಾರ, ಕುಂಡರ್ರಿ," ಎಂದರು ಅವರು.

ದೊಡ್ಡ ಸಾಹೇಬ್ರು ಫಿಲ್ಮಿನ ಕಡೆ ನೋಡಲಿಲ್ಲ. "ಯಾರೂ ಮಾತಾಡಬ್ಯಾಡ್ರಿ," ಎಂದರು. "ಮ್ಯಾಡಮ್, ಹೊಸಾ ಸಿ.ಟಿ.ದ ಹೋಳು ಹಚ್ಚರಿ. ಮೂವರೂ ಬ್ಯಾರೆ ಬ್ಯಾರೆ ಬರಿಯೂಣು. ಬರದ ಮ್ಯಾಲ ತಗಿಯೂಣು."

ಕಂಪ್ಯೂಟರಿನ ಮೇಲೆ ಹೋಳುಗಳನ್ನು ಒಂದೊಂದಾಗಿ ಸರಿಸಿದ್ದು ನಾನೇ. ಗುಂಡಗಿರಬೇಕಾದ ತಲೆ ತಿಂದು ಬಿಟ್ಟ ರೊಟ್ಟಿಯಂತೆ ಚಪ್ಪಟೆಯಾಗಿ ಹರಿದಿತ್ತು. ಸ್ಕ್ರೂಗಳ ತುದಿಗಳು ಎಲುಬಿನ ಹೊರಗೆ ಬಂದು ಬಟ್ಟಲನ್ನು ಕೆರೆಯುತ್ತಿದ್ದವು. ಹೊರಗಿನ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಯಲ್ಲಪ್ಪ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಮೂವರೂ ಬರೆದು ಕಾಗದ ಮಡಚಿದೆವು.

ಮೂರೂ ಕಾಗದಗಳನ್ನು ತೆರೆದಾಗ ಒಂದೇ ಉತ್ತರ ಇತ್ತು. ತಲೆ ಸತ್ತಿದೆ, ಕುಸಿದಿದೆ, ಚಲನೆ ಮರಳುವುದಿಲ್ಲ, ಶಾಶ್ವತ. ಒಬ್ಬರನ್ನೊಬ್ಬರು ಕೇಳದೆ ಎಲ್ಲರೂ ಒಂದೇ ಮಾತು ಬರೆಯಬೇಕೆಂದು ಅಷ್ಟು ವರ್ಷ ದುಡಿದಿದ್ದೆ. ಯಲ್ಲಪ್ಪನ ಪಾಲಿಗೆ ಅದು ಬಂದದ್ದು ಹೀಗೆ.

ಗುಮಾಸ್ತ ಪ್ರಮಾಣಪತ್ರ ತಯಾರಿಸಿ ತಂದ. ಸಹಿಗಳಾದವು. ದೊಡ್ಡ ಸಾಹೇಬ್ರು ಅದನ್ನು ನನ್ನ ಕಡೆ ಸರಿಸಿ, "ನೀವ ಕೊಡ್ರಿ," ಎಂದು ಕಿಟಕಿಯ ಕಡೆ ತಿರುಗಿದರು. ನಾನು ಎದ್ದು ನಿಂತು ಮೇಜಿನ ಈಚೆಯಿಂದ ಕಾಗದ ಚಾಚಿದೆ.

ಯಲ್ಲಪ್ಪ ಎಡಗೈ ಮುಂದೆ ತಂದ. ಎಡಗೈಯಲ್ಲಿ ಯಾರಿಂದಲೂ ಏನನ್ನೂ ತೆಗೆದುಕೊಳ್ಳಬಾರದು ಎಂದು ನಮ್ಮ ಕಡೆ ಮಗು ಉಣ್ಣಲು ಕಲಿಯುವಾಗಲೇ ಕಲಿಸಿರುತ್ತಾರೆ. ಅವನಿಗೆ ನಾಚಿಕೆಯಾಗಿ ಕೈ ಅರ್ಧಕ್ಕೇ ನಿಂತಿತು.

"ನಡೀತೈತಿ, ತಗೋ," ಎಂದೆ.

ಗೌರವ್ವ ಒಪ್ಪಲಿಲ್ಲ. ಮುಂದೆ ಬಂದು ತಮ್ಮನ ಎಡಗೈಯನ್ನು ಕೆಳಗಿಳಿಸಿದಳು. ಬಲ ಮೊಣಕೈಯ ಅಡಿಗೆ ತನ್ನ ಅಂಗೈ ಕೊಟ್ಟು ಎತ್ತಿದಳು. ಭುಜ ಅಲುಗಲಿಲ್ಲ, ಅದರ ಜೊತೆ ಇಡೀ ಬೆನ್ನು ಬಾಗಿ ಮುಂದೆ ಬಂತು. ಅವನ ಬೆರಳುಗಳು ಮೇಜಿನ ಅಂಚು ಮುಟ್ಟಿದವು. ನಾನು ಕಾಗದವನ್ನು ಆ ಬೆರಳುಗಳ ನಡುವೆ ಇಟ್ಟೆ.

"ಬಲಗೈಲೆ ತಗೋ ತಮ್ಮಾ," ಎಂದಳು ಗೌರವ್ವ. "ನಾ ಹಿಡದೀನಿ."